ಕಾಯುವುದೂ ಒಂದು ನಿರ್ಧಾರವೇ

ಬಸುರಿಗೆ ಕೋವಿಡ್ ಲಸಿಕೆ ಬೇಕೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ನಮ್ಮ ಮನೆಗಳಲ್ಲಿ ಸಿದ್ಧವಾಗಿ ಸಿಗುವ ಉತ್ತರ ಒಂದೇ: ‘ಹೆರಿಗೆ ಆಗಲಿ, ಆಮೇಲೆ ನೋಡಿಕೊಂಡರಾಯಿತು.’ ದುಬೈಯ ಕರಾಮ, ದೇರಾಗಳ ಫ್ಲ್ಯಾಟುಗಳಲ್ಲಿ, ಅಬುಧಾಬಿಯ ಮುಸಫ್ಫಾದಲ್ಲಿ, ಮಂಗಳೂರು, ಉಡುಪಿ, ಕಾಸರಗೋಡುಗಳಿಂದ ಬರುವ ಫೋನ್ ಕರೆಗಳಲ್ಲಿ ಈ ಮಾತು ಹಿರಿಯರ ವಿವೇಕದ ಧಾಟಿಯಲ್ಲೇ ಕೇಳಿಬಂತು. ಹೇಳಿದವರಿಗೆ ಬಸುರಿಯ ಮೇಲೆ ಪ್ರೀತಿ ಇತ್ತು, ಹುಟ್ಟಲಿರುವ ಕೂಸಿನ ಬಗ್ಗೆ ಕಾಳಜಿ ಇತ್ತು. ಆದ್ದರಿಂದಲೇ ಈ ಮಾತನ್ನು ಯಾರೂ ಪ್ರಶ್ನಿಸಲಿಲ್ಲ, ಇದು ಅಷ್ಟು ಆಳಕ್ಕೆ ಬೇರುಬಿಟ್ಟಿತು. ಈಗ ಇದಕ್ಕೆ ಅಧಿಕಾರದ ಬಲವೂ ಸಿಕ್ಕಿದೆ. 2025ರ ಮೇ 27ರಂದು ಅಮೆರಿಕದ ಆರೋಗ್ಯ ಕಾರ್ಯದರ್ಶಿ ರಾಬರ್ಟ್ ಎಫ್. ಕೆನಡಿ ಜೂನಿಯರ್, ಆರೋಗ್ಯವಂತ ಗರ್ಭಿಣಿಯರಿಗೆ ಕೋವಿಡ್ ಲಸಿಕೆಯ ಶಿಫಾರಸನ್ನು ಕೈಬಿಟ್ಟಿರುವುದಾಗಿ ಘೋಷಿಸಿದರು. ಆ ದೇಶದ ಪ್ರಸೂತಿ ತಜ್ಞರ ಸಂಘ ಇದನ್ನು ಬಹಿರಂಗವಾಗಿಯೇ ವಿರೋಧಿಸಿತು. ಆದರೂ ‘ನೋಡಿ, ನಾವು ಅಂದೇ ಹೇಳಿದ್ದೆವು’ ಎನ್ನುವವರಿಗೆ ಅದೊಂದು ಆಧಾರವಾಗಿ ಒದಗಿತು. ಅವರು ಅಂದು ಹೇಳಿದ್ದು ತಪ್ಪು, ಇಂದು ಹೇಳುತ್ತಿರುವುದೂ ತಪ್ಪು. ಆ ತಪ್ಪಿಗೆ ತಾಯಂದಿರು ಪ್ರಾಣ ತೆತ್ತಿದ್ದಾರೆ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ.

ಮೊದಲ ಆರೋಪ ಈ ಮಾತಿನ ಬುಡದಲ್ಲಿರುವ ನಂಬಿಕೆಯ ಮೇಲೆಯೇ. ಲಸಿಕೆ ಹಾಕಿಸಿಕೊಳ್ಳುವುದು ಒಂದು ಕ್ರಿಯೆ, ಅದರಲ್ಲಿ ಅಪಾಯವಿದೆ. ಹಾಕಿಸಿಕೊಳ್ಳದಿರುವುದು ಏನನ್ನೂ ಮಾಡದಿರುವುದು, ಆದ್ದರಿಂದ ಅದರಲ್ಲಿ ಅಪಾಯವಿಲ್ಲ ಎಂಬುದು ಆ ನಂಬಿಕೆ. ಸೋಂಕು ಹರಡುತ್ತಿರುವ ಊರಿನಲ್ಲಿ ಇದು ಹೇಗೆ ನಿಲ್ಲುತ್ತದೆ? ಹೆರಿಗೆಯ ದಿನಾಂಕ ನೋಡಿಕೊಂಡು ವೈರಸ್ ಬರುವುದಿಲ್ಲ. ಬಸಿರಿನಲ್ಲಿ ಗರ್ಭಕೋಶ ಬೆಳೆದಂತೆ ವಪೆಯನ್ನು ಮೇಲಕ್ಕೆ ಒತ್ತುತ್ತದೆ, ಶ್ವಾಸಕೋಶಕ್ಕೆ ಜಾಗ ಕಡಿಮೆಯಾಗುತ್ತದೆ, ಆಮ್ಲಜನಕದ ಬೇಡಿಕೆ ಏರುತ್ತದೆ, ರಕ್ತ ಹೆಪ್ಪುಗಟ್ಟುವ ಪ್ರವೃತ್ತಿ ಹೆಚ್ಚುತ್ತದೆ. ಉಸಿರಾಟದ ಕಾಯಿಲೆಯೊಂದು ಅಂಥ ದೇಹವನ್ನು ಹೊಕ್ಕರೆ ಏನಾಗುತ್ತದೆ ಎಂಬುದು 2009ರ ಎಚ್1ಎನ್1 ಜ್ವರದ ಕಾಲದಲ್ಲೇ ಗೊತ್ತಾಗಿತ್ತು: ಅಮೆರಿಕದ ಜನಸಂಖ್ಯೆಯಲ್ಲಿ ಗರ್ಭಿಣಿಯರು ಸುಮಾರು ಶೇ. 1, ಆ ಜ್ವರದಿಂದ ಸತ್ತವರಲ್ಲಿ ಸುಮಾರು ಶೇ. 5. ಕೋವಿಡ್ ವಿಷಯದಲ್ಲೂ ನಾವು ಬಹಳ ಕಾಲ ಕಾಯಬೇಕಾಗಲಿಲ್ಲ. ರೋಗಲಕ್ಷಣವಿದ್ದ ಸುಮಾರು 4 ಲಕ್ಷ ಮಹಿಳೆಯರ ದಾಖಲೆಗಳನ್ನು ಪರಿಶೀಲಿಸಿದ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ವರದಿ 2020ರ ನವೆಂಬರಿನಲ್ಲೇ ಹೊರಬಂತು. ಅದೇ ವಯಸ್ಸಿನ ಇತರರಿಗೆ ಹೋಲಿಸಿದರೆ ಗರ್ಭಿಣಿಯರು ತೀವ್ರ ನಿಗಾ ಘಟಕ ಸೇರುವ ಸಂಭವ ಮೂರು ಪಟ್ಟು, ವೆಂಟಿಲೇಟರ್ ಬೇಕಾಗುವ ಸಂಭವ ಸುಮಾರು ಮೂರು ಪಟ್ಟು, ಸಾಯುವ ಸಂಭವ 1.7 ಪಟ್ಟು. ಇದು ಜನಸಾಮಾನ್ಯರಿಗೆ ಲಸಿಕೆ ಬರುವ ಮೊದಲೇ ಜಗತ್ತಿನ ಕೈಯಲ್ಲಿದ್ದ ಮಾಹಿತಿ. ಬಳಿಕ ಭಾರತದ ಎರಡನೇ ಅಲೆ ಬಂತು. ಆಸ್ಪತ್ರೆಗೆ ಬಂದ ಗರ್ಭಿಣಿ, ಬಾಣಂತಿಯರ ಬಗ್ಗೆ ಭಾರತದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಕಲೆಹಾಕಿದ ದಾಖಲೆಯ ಪ್ರಕಾರ, ಸೋಂಕಿತರಲ್ಲಿ ಸತ್ತವರ ಪ್ರಮಾಣ ಮೊದಲ ಅಲೆಯಲ್ಲಿ ಶೇ. 0.7 ಇದ್ದದ್ದು ಎರಡನೆಯದರಲ್ಲಿ ಶೇ. 5.7ಕ್ಕೆ ಏರಿತು. ಏನನ್ನೂ ಮಾಡದೆ ಕುಳಿತರೆ ಸುರಕ್ಷಿತ ಎಂದವರು ಈ ಅಂಕಿಗಳಿಗೆ ಏನು ಉತ್ತರ ಕೊಡುತ್ತಾರೆ?

ಇನ್ನು ‘ಆಮೇಲೆ’ ಎಂಬ ಭರವಸೆ ಎಷ್ಟು ಟೊಳ್ಳಾಗಿತ್ತು ಎಂಬುದಕ್ಕೆ ದುಬೈಯ ದಿನಾಂಕಗಳೇ ಸಾಕ್ಷಿ. 2020ರ ಡಿಸೆಂಬರ್ 23ರಂದು ಅಲ್ಲಿ ಫೈಜರ್ ಲಸಿಕೆಯ ಉಚಿತ ಅಭಿಯಾನ ಶುರುವಾದಾಗ ಗರ್ಭಿಣಿಯರು ಮಾತ್ರವಲ್ಲ, ಹಾಲೂಡಿಸುವ ತಾಯಂದಿರೂ ಪಟ್ಟಿಯಿಂದ ಹೊರಗಿದ್ದರು, ಬಸಿರಿನ ಯೋಚನೆಯಲ್ಲಿದ್ದವರೂ ಹೊರಗಿದ್ದರು. ಅಂದರೆ ಹೆರಿಗೆಯಾದರೂ ಸಾಲದು, ಮಗು ಹಾಲು ಬಿಡಬೇಕು. ಅಷ್ಟರಲ್ಲಿ ಎರಡನೆಯದರ ಯೋಚನೆ ಬಂದರೆ ಮತ್ತೆ ಕಾಯಬೇಕು. ಮದುವೆಯಾಗಿ ಸಂಸಾರ ಕಟ್ಟುತ್ತಿರುವ ಹೆಣ್ಣಿಗೆ ಆ ‘ಆಮೇಲೆ’ ಬರುವುದಾದರೂ ಯಾವಾಗ? 13 ವಾರ ದಾಟಿದ ಗರ್ಭಿಣಿಯರಿಗೆ ದುಬೈ ಆರೋಗ್ಯ ಪ್ರಾಧಿಕಾರ ಅವಕಾಶ ಕೊಟ್ಟದ್ದು 2021ರ ಮೇ ತಿಂಗಳಲ್ಲಿ. ನಡುವೆ ಕಳೆದ ತಿಂಗಳುಗಳಲ್ಲಿ ಆಕೆ ಮನೆಯೊಳಗೆ ಬಾಗಿಲು ಹಾಕಿಕೊಂಡು ಇರಬಹುದಿತ್ತು ಎನ್ನುವವರು ಕೊಲ್ಲಿಯ ಬದುಕನ್ನು ಕಂಡವರಲ್ಲ. ಒಂದೇ ಫ್ಲ್ಯಾಟಿನಲ್ಲಿ ಎರಡು ಮೂರು ಕುಟುಂಬ ಅಡುಗೆಮನೆ, ಬಚ್ಚಲುಮನೆ ಹಂಚಿಕೊಂಡು ಬದುಕುವ ಊರು ಅದು. ಅಂಗಡಿಯ ಕೌಂಟರಿನಲ್ಲಿ ನಿಂತವಳು, ಮೆಟ್ರೋದಲ್ಲಿ ಓಡಾಡಿದವಳು, ಖಾಸಗಿ ವಲಯದ ಅಂದಿನ 45 ದಿನಗಳ ಹೆರಿಗೆ ರಜೆಯನ್ನು ಬಾಣಂತನಕ್ಕೆಂದು ಉಳಿಸಿಕೊಂಡು ತುಂಬುದಿಂಗಳಿನಲ್ಲೂ ಡ್ಯೂಟಿಗೆ ಹೋದವಳು ಎಲ್ಲಿ ಅಡಗಿಕೊಳ್ಳಬೇಕಿತ್ತು? ದಕ್ಷಿಣ ಕನ್ನಡ, ಉಡುಪಿಗಳ ನರ್ಸಿಂಗ್ ಕಾಲೇಜುಗಳಿಂದ ಹೋಗಿ ಅಲ್ಲಿನ ವಾರ್ಡುಗಳಲ್ಲಿ ದುಡಿಯುವ ನಮ್ಮ ಹೆಣ್ಣುಮಕ್ಕಳನ್ನು ನೆನೆಯಿರಿ. ರೋಗಿಯ ಹತ್ತಿರ ನಿಲ್ಲುವ ಕೆಲಸದಿಂದ ಬಸಿರು ಅವರನ್ನು ಹೊರಗಿಡಲಿಲ್ಲ, ಲಸಿಕೆಯಿಂದ ಮಾತ್ರ ಹೊರಗಿಟ್ಟಿತು.

ಎರಡು ದೇಶಗಳ ನಡುವೆ ಸಿಕ್ಕಿಬಿದ್ದವರ ಪಾಡು ಇನ್ನೂ ಕಠಿಣ. ಮೊದಲ ಲಾಕ್‌ಡೌನಿನ ಕಾಲದಲ್ಲಿ, 2020ರ ಮೇ 12ರಂದು, ಸಿಲುಕಿಕೊಂಡವರನ್ನು ಹೊತ್ತು ದುಬೈಯಿಂದ ಮಂಗಳೂರಿಗೆ ಬಂದಿಳಿದ ವಂದೇ ಭಾರತ್ ವಿಮಾನದಲ್ಲಿ ಗರ್ಭಿಣಿಯರು ಅನೇಕರಿದ್ದರು. ತವರಿನಲ್ಲಿ ಹೆರಿಗೆ, ಅಮ್ಮನ ಕೈಯಲ್ಲಿ ಬಾಣಂತನ ಎಂಬುದು ನಮ್ಮವರಿಗೆ ಎಷ್ಟು ಮುಖ್ಯ ಎಂಬುದನ್ನು ಆ ಪಯಣವೇ ಹೇಳುತ್ತದೆ. 2021ರಲ್ಲಿ ಹಾಗೆ ತವರಿಗೆ ಹೋದವರು ಎಲ್ಲಿಗೆ ಹೋದರು? ಎರಡನೇ ಅಲೆಯ ನಡುವಿಗೆ. ಅಲ್ಲಿಯೂ ಗರ್ಭಿಣಿಯರಿಗೆ ಲಸಿಕೆ ಇರಲಿಲ್ಲ; ಜನವರಿ 16ರಂದು ಅಭಿಯಾನ ಆರಂಭಿಸಿದ ಭಾರತ ಸರ್ಕಾರ ಅವರಿಗೆ ಅನುಮತಿ ಕೊಟ್ಟದ್ದು ಜುಲೈ 2ರಂದು, ಅಲೆ ಇಳಿದ ಮೇಲೆ. ಏಪ್ರಿಲ್ 24ರ ರಾತ್ರಿಯಿಂದ ಭಾರತದ ಪ್ರಯಾಣಿಕರಿಗೆ ಸಂಯುಕ್ತ ಅರಬ್ ಎಮಿರೇಟ್ಸ್ ಬಾಗಿಲು ಮುಚ್ಚಿತು. ಆಗಸ್ಟ್ 5ರಂದು ಸಾಮಾನ್ಯ ನಿವಾಸಿಗಳಿಗೆ ಅದು ತೆರೆದಾಗ ಹಾಕಿದ ಮುಖ್ಯ ಷರತ್ತು, ಎಮಿರೇಟ್ಸಿನಲ್ಲೇ ಎರಡೂ ಡೋಸ್ ಆಗಿರಬೇಕು ಎಂಬುದು. ಎರಡೂ ಸರ್ಕಾರಗಳು ‘ನಿನಗೆ ಈಗ ಬೇಡ’ ಎಂದು ಹೇಳಿ ತಡೆದಿದ್ದ ಹೆಣ್ಣಿಗೆ, ಅದೇ ಲಸಿಕೆ ಇಲ್ಲವೆಂಬ ಕಾರಣಕ್ಕೆ ಗಂಡನ ಬಳಿಗೆ, ಕೆಲಸಕ್ಕೆ ಹಿಂದಿರುಗುವ ದಾರಿ ಕಷ್ಟವಾಯಿತು. ಇದನ್ನು ಗರ್ಭಿಣಿಯರ ರಕ್ಷಣೆ ಎಂದು ಕರೆಯುವುದು ಹೇಗೆ?

ಎರಡನೆಯ ಆರೋಪ, ‘ಸಾಕಷ್ಟು ಮಾಹಿತಿ ಇಲ್ಲ’ ಎಂಬ ವಾದದ ಮೇಲೆ. ಆ ಮಾಹಿತಿ ಏಕೆ ಇರಲಿಲ್ಲ? 2020ರ ಜುಲೈಯಲ್ಲಿ ಅಬುಧಾಬಿಯಲ್ಲಿ ಸಿನೋಫಾರ್ಮ್ ಲಸಿಕೆಯ ಮೂರನೇ ಹಂತದ ಪ್ರಯೋಗ ಆರಂಭವಾಯಿತು. ನೂರಕ್ಕೂ ಹೆಚ್ಚು ದೇಶಗಳ ಜನ ತೋಳು ಒಡ್ಡಿದರು; ಆರೋಗ್ಯ ಇಲಾಖೆಯ ಮುಖ್ಯಸ್ಥರೇ ಮೊದಲ ಸ್ವಯಂಸೇವಕರಾದರು. ಆದರೆ ಎಮಿರೇಟ್ಸ್ ಮತ್ತು ಬಹರೈನ್‌ಗಳ 40,382 ಜನರ ಆ ಪ್ರಯೋಗದ ಫಲಿತಾಂಶ 2021ರ ಮೇ ತಿಂಗಳಲ್ಲಿ ಪ್ರಕಟವಾದಾಗ, ಭಾಗವಹಿಸಿದ ಪ್ರತಿ ನೂರರಲ್ಲಿ ಸುಮಾರು 84 ಮಂದಿ ಪುರುಷರೇ ಇದ್ದರು. ಗರ್ಭಿಣಿಯರನ್ನು ಸೇರಿಸಿಕೊಂಡಿರಲಿಲ್ಲ. ಫೈಜರ್‌ನ ಮುಖ್ಯ ಪ್ರಯೋಗದಲ್ಲೂ ಅವರಿಗೆ ಸ್ಥಾನವಿರಲಿಲ್ಲ. ಅವರಿಗಾಗಿಯೇ ಒಂದು ಪ್ರಯೋಗವನ್ನು ಕಂಪನಿ ಆರಂಭಿಸಿದ್ದು 2021ರ ಫೆಬ್ರುವರಿಯಲ್ಲಿ, ಲಸಿಕೆ ಜಗತ್ತಿನಾದ್ಯಂತ ಹಂಚಿಕೆಯಾಗತೊಡಗಿದ ಮೇಲೆ. ಮೊದಲು ಆಕೆಯನ್ನು ಪ್ರಯೋಗದಿಂದ ಹೊರಗಿಡುವುದು, ಆಮೇಲೆ ಆಕೆಯ ಬಗ್ಗೆ ಮಾಹಿತಿ ಇಲ್ಲವೆಂದು ಲಸಿಕೆಯಿಂದಲೂ ಹೊರಗಿಡುವುದು, ಕೊನೆಗೆ ಸೋಂಕು ತಗುಲಿದರೆ ಅದು ಆಕೆಯ ಹಣೆಬರಹ ಎನ್ನುವುದು. ಈ ಅಜ್ಞಾನ ತಾನಾಗಿ ಹುಟ್ಟಿದ್ದಲ್ಲ. ವ್ಯವಸ್ಥೆಯೇ ಅದನ್ನು ಉಂಟುಮಾಡಿತು, ಹೊಣೆಯನ್ನು ಮಾತ್ರ ಬಸುರಿಯ ಹೆಗಲಿಗೆ ಹೊರಿಸಿತು.

ಇದನ್ನು ಸಮರ್ಥಿಸುವವರು ಥಾಲಿಡೋಮೈಡ್ ಹೆಸರು ಹೇಳುತ್ತಾರೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದ ಆ ಔಷಧವನ್ನು ಬಸುರಿಯರ ವಾಕರಿಕೆಗೂ ಕೊಟ್ಟರು. 1961ರ ಕೊನೆಗೆ ಹಿಂತೆಗೆದುಕೊಳ್ಳುವಷ್ಟರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಶಿಶುಗಳು ಅಂಗವೈಕಲ್ಯದಿಂದ ಹುಟ್ಟಿದ್ದವು. ಆ ದುರಂತದ ಪಾಠ ಏನು? ಬಸಿರಿನಲ್ಲಿ ಸುರಕ್ಷಿತವೇ ಎಂದು ಸರಿಯಾಗಿ ಪರೀಕ್ಷಿಸದೆಯೇ ಆ ಮಾತ್ರೆಯನ್ನು ಮಾರಿದ್ದರು. ಆದ್ದರಿಂದ ಕಲಿಯಬೇಕಾಗಿದ್ದದ್ದು, ಗರ್ಭಿಣಿಯರು ಬಳಸಲಿರುವುದನ್ನು ಎಚ್ಚರಿಕೆಯಿಂದ, ಮೊದಲೇ ಪರೀಕ್ಷಿಸಬೇಕು ಎಂಬುದನ್ನು. ಔಷಧಲೋಕ ಕಲಿತದ್ದು ಅವರನ್ನು ಪರೀಕ್ಷೆಯಿಂದಲೇ ದೂರವಿಡಬೇಕು ಎಂಬುದನ್ನು. 2018ರಲ್ಲಿ ಕಾಂಗೋದಲ್ಲಿ ಎಬೋಲ ಹಬ್ಬಿದಾಗಲೂ ಗರ್ಭಿಣಿಯರಿಗೆ ಮೊದಲು ಲಸಿಕೆ ನಿರಾಕರಿಸಿದರು, 2019ರಲ್ಲಿ ಆ ನಿಲುವನ್ನು ಬದಲಿಸಿದರು. ಅದಾದ ಸ್ವಲ್ಪವೇ ಕಾಲದಲ್ಲಿ ಕೋವಿಡ್ ಬಂದಾಗ ಮತ್ತೆ ಅದೇ ತಪ್ಪು.

ಇಷ್ಟೆಲ್ಲ ಆದರೂ ಪುರಾವೆ ಬಂತು. ಅಮೆರಿಕದಲ್ಲಿ ಸ್ವಇಚ್ಛೆಯಿಂದ ಲಸಿಕೆ ಪಡೆದ 35,691 ಗರ್ಭಿಣಿಯರನ್ನು ಗಮನಿಸಿದ ಮೊದಲ ದೊಡ್ಡ ವರದಿ 2021ರ ಏಪ್ರಿಲಿನಲ್ಲೇ ಪ್ರಕಟವಾಯಿತು. ಆತಂಕ ಹುಟ್ಟಿಸುವ ಸೂಚನೆ ಅದರಲ್ಲಿ ಕಾಣಲಿಲ್ಲ. ಲಸಿಕೆ ಪಡೆಯದವರಿಗೆ ಏನಾಯಿತು ಎಂಬುದನ್ನು ಬ್ರಿಟನ್ ತೋರಿಸಿತು. ಶ್ವಾಸಕೋಶ ಕೈಬಿಟ್ಟಾಗ ರಕ್ತಕ್ಕೆ ಹೊರಗಿನಿಂದ ಆಮ್ಲಜನಕ ಸೇರಿಸುವ ಎಕ್ಮೋ ಯಂತ್ರಕ್ಕೆ ಹೋದ 16ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಗರ್ಭಿಣಿಯರ ಪಾಲು 2020ರ ಮಾರ್ಚಿನಲ್ಲಿ ಶೇ. 6, 2021ರ ಜುಲೈಯಿಂದ ಸೆಪ್ಟೆಂಬರ್ ನಡುವೆ ಶೇ. 32. ಸ್ಕಾಟ್ಲೆಂಡಿನ ಇಡೀ ಜನಸಂಖ್ಯೆಯ ದಾಖಲೆ 2022ರ ಜನವರಿಯಲ್ಲಿ ಪ್ರಕಟವಾಯಿತು: ಕೋವಿಡ್‌ನಿಂದ ತೀವ್ರ ನಿಗಾ ಘಟಕ ಸೇರಿದ ಗರ್ಭಿಣಿಯರಲ್ಲಿ ಶೇ. 98ರಷ್ಟು ಮಂದಿ ಲಸಿಕೆ ಪಡೆಯದವರು. ಸೋಂಕು ಪತ್ತೆಯಾದ 28 ದಿನಗಳೊಳಗೆ ಹೆರಿಗೆಯಾದ ತಾಯಂದಿರ ಶಿಶುಗಳಲ್ಲಿ ಸಂಭವಿಸಿದ ಸಾವುಗಳೆಲ್ಲವೂ ಲಸಿಕೆಯಿಲ್ಲದ ತಾಯಂದಿರ ಮಡಿಲಿನಲ್ಲೇ. ಇದಕ್ಕಿಂತ ಸ್ಪಷ್ಟವಾಗಿ ಪುರಾವೆ ಮಾತಾಡಬೇಕೇ? ಇದರ ಮೇಲೆ ಶಿಶುವಿಗೆ ಸಿಗುವ ರಕ್ಷಣೆ ಬೇರೆ. ಆರು ತಿಂಗಳೊಳಗಿನ ಕೂಸಿಗೆ ಕೋವಿಡ್ ಲಸಿಕೆ ಇಲ್ಲ. ತಾಯಿಯ ದೇಹದಲ್ಲಿ ತಯಾರಾದ ಪ್ರತಿಕಾಯಗಳು ಮಾಸುಚೀಲದ ಮೂಲಕ ದಾಟಿ ಅದನ್ನು ಕಾಯುತ್ತವೆ. ಅಮೆರಿಕದ 20 ಮಕ್ಕಳ ಆಸ್ಪತ್ರೆಗಳ ಅಧ್ಯಯನದಲ್ಲಿ ಕೋವಿಡ್‌ನಿಂದ ದಾಖಲಾದ ಅಂಥ 176 ಶಿಶುಗಳ ಪೈಕಿ 148ರ ತಾಯಂದಿರು ಬಸಿರಿನಲ್ಲಿ ಲಸಿಕೆ ಪಡೆದಿರಲಿಲ್ಲ. ‘ಮಗುವಿಗೋಸ್ಕರ ಬೇಡ’ ಎಂದವರು, ಮಗುವಿಗೆ ಸಿಗಬಹುದಾಗಿದ್ದ ಏಕೈಕ ಲಸಿಕೆಯ ರಕ್ಷಣೆಯನ್ನೇ ತಪ್ಪಿಸಿದರು.

ಆಕ್ಷೇಪಗಳಿಗೆ ಬರೋಣ. ಲಸಿಕೆಯಿಂದ ಬಂಜೆತನ ಬರುತ್ತದೆ, ಮಾಸುಚೀಲದ ಮೇಲೆ ದೇಹವೇ ದಾಳಿ ಮಾಡುತ್ತದೆ ಎಂಬ ಹೆದರಿಕೆ ಹರಡಿದಷ್ಟು ವೇಗವಾಗಿ ಬೇರಾವುದೂ ಹರಡಲಿಲ್ಲ. ಇದರ ಮೂಲ, 2020ರ ಡಿಸೆಂಬರ್ 1ರಂದು ವೋಡಾರ್ಗ್ ಮತ್ತು ಯೀಡನ್ ಎಂಬಿಬ್ಬರು ಯುರೋಪಿನ ಔಷಧ ನಿಯಂತ್ರಕರಿಗೆ ಸಲ್ಲಿಸಿದ ಅರ್ಜಿ. ವೈರಸ್ಸಿನ ಸ್ಪೈಕ್ ಪ್ರೋಟೀನು ಮಾಸುಚೀಲದ ಸಿನ್ಸಿಟಿನ್ ಎಂಬ ಪ್ರೋಟೀನನ್ನು ಹೋಲುತ್ತದೆ ಎಂಬುದು ಅವರ ಊಹೆ. ಹೋಲಿಕೆ ತೀರ ಅಲ್ಪ. ಅದಿರಲಿ, ಊಹೆ ನಿಜವಾಗಿದ್ದರೆ ಅದೇ ಸ್ಪೈಕ್ ಪ್ರೋಟೀನು ಹೊತ್ತ ಕೋವಿಡ್ ಸೋಂಕು ತಗುಲಿದ ಕೋಟ್ಯಂತರ ಹೆಣ್ಣುಮಕ್ಕಳು ಬಂಜೆಯರಾಗಬೇಕಿತ್ತಲ್ಲವೇ? ಆಗಲಿಲ್ಲ. ಫೈಜರ್ ಪ್ರಯೋಗದಲ್ಲಿ ಬಸಿರಾಗಬಾರದೆಂಬ ಸೂಚನೆ ಇದ್ದರೂ 2020ರ ನವೆಂಬರ್ ಮಧ್ಯದವರೆಗೆ 23 ಮಹಿಳೆಯರು ಬಸಿರಾಗಿದ್ದರು. ಅವರಲ್ಲಿ 12 ಮಂದಿ ಲಸಿಕೆ ಪಡೆದವರು, 11 ಮಂದಿ ಹುಸಿ ಚುಚ್ಚುಮದ್ದು ಪಡೆದವರು. ಅರ್ಜಿ ಬರುವ ಮೊದಲೇ ಅದಕ್ಕೆ ಉತ್ತರದ ಸುಳಿವು ಅಲ್ಲಿತ್ತು. ವಾಟ್ಸ್ಆ್ಯಪ್‌ನಲ್ಲಿ ಅರ್ಜಿ ಓಡಾಡಿತು, ಉತ್ತರ ಓಡಾಡಲಿಲ್ಲ.

ಗರ್ಭಪಾತದ ಭಯ ಇದಕ್ಕಿಂತ ಗಂಭೀರ. ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಗೊತ್ತಾದ ಬಸಿರುಗಳಲ್ಲಿ ಸರಿಸುಮಾರು ಶೇ. 10ರಿಂದ 15ರಷ್ಟು ಲಸಿಕೆ ಇರಲಿ ಇಲ್ಲದಿರಲಿ ನಿಲ್ಲುವುದಿಲ್ಲ. ಲಕ್ಷಾಂತರ ಗರ್ಭಿಣಿಯರು ಲಸಿಕೆ ಪಡೆದಾಗ ಅವರಲ್ಲಿ ಕೆಲವರಿಗೆ ಆ ವಾರವೇ ಈ ನೋವು ಬರುತ್ತದೆ, ಆ ಮನೆಯವರು ಎರಡಕ್ಕೂ ನಂಟು ಕಲ್ಪಿಸುವುದು ಸಹಜ. ನಿಜವಾಗಿ ನಂಟಿದೆಯೇ ಎಂದು ತಿಳಿಯಲು ಇರುವುದು ಒಂದೇ ದಾರಿ: ಸಾಮಾನ್ಯವಾಗಿ ಆಗುವುದಕ್ಕಿಂತ ಹೆಚ್ಚಾಯಿತೇ ಎಂದು ಎಣಿಸುವುದು. 20 ವಾರದೊಳಗೆ ಲಸಿಕೆ ಪಡೆದ 2,456 ಮಹಿಳೆಯರನ್ನು ಹಾಗೆ ಎಣಿಸಿದಾಗ, ವಯಸ್ಸಿಗೆ ತಕ್ಕಂತೆ ಸರಿಹೊಂದಿಸಿದ ಪ್ರಮಾಣ ಶೇ. 12.8 ಎಂದು ಬಂತು. ಅದು ಸಾಮಾನ್ಯ ಪ್ರಮಾಣವೇ. ಲಸಿಕೆಯ ನಂತರ ಬರುವ ಜ್ವರಕ್ಕೆ ವೈದ್ಯರು ಬಸಿರಿನಲ್ಲಿ ಮೊದಲಿನಿಂದಲೂ ಕೊಡುತ್ತಿರುವ ಪ್ಯಾರಾಸಿಟಮಾಲ್ ಇದೆ. ಸೋಂಕಿನಿಂದ ದಿನಗಟ್ಟಲೆ ಸುಡುವ ಜ್ವರ, ಇಳಿಯುವ ಆಮ್ಲಜನಕ ಇವುಗಳಿಗೆ ಅಷ್ಟು ಸುಲಭದ ಪರಿಹಾರವಿಲ್ಲ. ಅಮೆರಿಕದ 12 ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಲೆಕ್ಕದಲ್ಲಿ ಸತ್ತು ಹುಟ್ಟಿದ ಶಿಶುಗಳು ಸೋಂಕಿಲ್ಲದ ತಾಯಂದಿರಲ್ಲಿ ಶೇ. 0.64, ಸೋಂಕಿದ್ದವರಲ್ಲಿ ಶೇ. 1.26, ಡೆಲ್ಟಾ ರೂಪಾಂತರಿ ಹರಡಿದ ಕಾಲದ ಸೋಂಕಿತರಲ್ಲಿ ಶೇ. 2.70. ಗರ್ಭ ಕಳೆದುಕೊಳ್ಳುವ ಭಯ ಇರುವವರು ಹೆದರಬೇಕಾದದ್ದು ಯಾವುದಕ್ಕೆ?

‘ಬಸಿರಿನಲ್ಲಿ ಮೈಗೆ ಏನನ್ನೂ ಚುಚ್ಚಿಸಿಕೊಳ್ಳಬಾರದು’ ಎನ್ನುವ ಹಿರಿಯರು ತಮ್ಮದೇ ತಾಯಿ ಕಾರ್ಡನ್ನು ತೆಗೆದು ನೋಡಲಿ. ಟಿಟಿ ಇಂಜೆಕ್ಷನ್ ಹಾಕಿಸಿಕೊಳ್ಳದೆ ಹೆತ್ತ ತಾಯಂದಿರು ಇಂದು ನಮ್ಮಲ್ಲಿ ಎಷ್ಟು ಮಂದಿ ಸಿಕ್ಕಾರು? ಕೆಲವೇ ದಶಕಗಳ ಹಿಂದೆ ಭಾರತದಲ್ಲಿ ವರ್ಷಕ್ಕೆ ಒಂದೂವರೆಯಿಂದ ಎರಡು ಲಕ್ಷ ನವಜಾತ ಶಿಶುಗಳಿಗೆ ಧನುರ್ವಾಯು ಬರುತ್ತಿತ್ತು. ಬಸುರಿಗೆ ಕೊಟ್ಟ ಆ ಚುಚ್ಚುಮದ್ದು ಮತ್ತು ಶುಚಿಯಾದ ಹೆರಿಗೆಯ ಬಲದಿಂದ 2015ರಲ್ಲಿ ತಾಯಿ ಮತ್ತು ಶಿಶುಗಳ ಧನುರ್ವಾಯು ನಿರ್ಮೂಲನೆಯಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಬಸುರಿಯ ಮೂಲಕ ಶಿಶುವನ್ನು ಕಾಯುವ ಈ ವಿದ್ಯೆ ನಮಗೆ ಹೊಸದಲ್ಲ, ಪರಕೀಯವೂ ಅಲ್ಲ. ಹಳ್ಳಿಯ ಆಶಾ ಕಾರ್ಯಕರ್ತೆಗೆ ಗೊತ್ತಿರುವ ಸತ್ಯವನ್ನು ಕೋವಿಡ್ ಬಂದಾಗ ವಿದ್ಯಾವಂತ ಮನೆಗಳು ಏಕೆ ಮರೆತವು?

ಎಲ್ಲ ಲಸಿಕೆಗಳೂ ಒಂದೇ ಅಲ್ಲ, ಅಡ್ಡಪರಿಣಾಮವೇ ಇಲ್ಲದ ಲಸಿಕೆಯೂ ಇಲ್ಲ. ಕೆಲವು ಲಸಿಕೆಗಳಲ್ಲಿ ಅತಿ ವಿರಳವಾಗಿ ರಕ್ತ ಹೆಪ್ಪುಗಟ್ಟಿದ್ದು, ಎಂಆರ್‌ಎನ್‌ಎ ಲಸಿಕೆಗಳಲ್ಲಿ ಮುಖ್ಯವಾಗಿ ಹರೆಯದ ಹುಡುಗರಿಗೆ ವಿರಳವಾಗಿ ಹೃದಯದ ಸ್ನಾಯು ಊದಿಕೊಂಡದ್ದು ನಿಜ. ಬ್ರಿಟನ್ ಗರ್ಭಿಣಿಯರಿಗೆ ಫೈಜರ್ ಮತ್ತು ಮಾಡೆರ್ನಾವನ್ನು ಆರಿಸಿತು, ದುಬೈ ಫೈಜರನ್ನು ಆರಿಸಿತು. ಆಯ್ಕೆ ಮಾಡುವುದೆಂದರೆ ಇದೇ: ಯಾವುದು ಹೆಚ್ಚು ಅಪಾಯ ಎಂದು ತೂಗಿ ನೋಡುವುದು. ‘ಅದು ಆಕೆಯ ದೇಹ, ಆಕೆಯ ನಿರ್ಧಾರ’ ಎಂಬ ಮಾತನ್ನೂ ನಾನು ಪೂರ್ತಿ ಒಪ್ಪುತ್ತೇನೆ. ಬಸುರಿಯ ಮೇಲೆ ಯಾರೂ ಲಸಿಕೆಯನ್ನು ಹೇರಬಾರದು. ಆದರೆ ನಿರ್ಧಾರ ಆಕೆಯದಾಗಿತ್ತೇ? ಅತ್ತೆ ಬೇಡವೆಂದರು, ಗಂಡ ಸುಮ್ಮನಾದ, ಕ್ಲಿನಿಕ್ಕಿನಲ್ಲಿ ‘ಹೆರಿಗೆಯ ನಂತರ’ ಎಂದು ಬರೆದು ಕಳಿಸಿದರು. ಲಸಿಕೆಯ ಅಪಾಯ ಎಷ್ಟು, ಸೋಂಕಿನ ಅಪಾಯ ಎಷ್ಟು ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ಆಕೆಗೆ ಅರ್ಥವಾಗುವ ಭಾಷೆಯಲ್ಲಿ ಹೇಳದಿದ್ದರೆ, ಆಕೆಯ ಹೆಸರಿನಲ್ಲಿ ಬೇರೆಯವರು ಮಾಡಿದ ತೀರ್ಮಾನವನ್ನು ಸ್ವಾತಂತ್ರ್ಯವೆಂದು ಕರೆದಂತಾಗುತ್ತದೆ.

ಕೊನೆಯ ಆಕ್ಷೇಪ: ಕೋವಿಡ್ ಮುಗಿಯಿತು, ಈಗೇಕೆ ಈ ಜಗಳ? ರೋಗದ ತೀವ್ರತೆ ಇಳಿದಿದೆ, ಬಹುಪಾಲು ಜನರಲ್ಲಿ ಪ್ರತಿರೋಧವಿದೆ, 2021ರ ಅಪಾಯ ಇಂದಿಲ್ಲ. ಇದೆಲ್ಲ ಸರಿ. ಆದರೆ ಹುಟ್ಟುವ ಪ್ರತಿ ಕೂಸೂ ಪ್ರತಿರೋಧವಿಲ್ಲದೆಯೇ ಹುಟ್ಟುತ್ತದೆ, ತಾಯಿ ಕೊಟ್ಟಷ್ಟೇ ಅದರದು. ಬಸುರಿಯರಿಗೆ ಫ್ಲೂ ಲಸಿಕೆ ಇದೆ, ನಾಯಿಕೆಮ್ಮಿನ ಲಸಿಕೆ ಇದೆ, ಹಸುಳೆಗಳ ಶ್ವಾಸಕೋಶಕ್ಕೆ ಎರಗುವ ಆರ್‌ಎಸ್‌ವಿ ವಿರುದ್ಧ 2023ರಿಂದ ಲಸಿಕೆ ಬಂದಿದೆ. ಕೋವಿಡ್ ಕಾಲದಲ್ಲಿ ಬೇರೂರಿದ ‘ಆಮೇಲೆ ನೋಡೋಣ’ ಇವುಗಳ ಮುಂದೆಯೂ ಅಡ್ಡ ನಿಲ್ಲುತ್ತದೆ. ಮುಂದಿನ ಮಹಾಮಾರಿ ಬಂದಾಗ ಮತ್ತೆ ಅದೇ ಪಟ್ಟಿ, ಅದೇ ವಿನಾಯಿತಿ, ಅದೇ ಶವಪೆಟ್ಟಿಗೆಗಳು ಬೇಕೇ?

ಬೇಡವಾದರೆ ಬದಲಾವಣೆ ಈಗಲೇ ಆಗಬೇಕು. ಅಬುಧಾಬಿಯ ಆರೋಗ್ಯ ಇಲಾಖೆ, ದುಬೈಯ ಆರೋಗ್ಯ ಪ್ರಾಧಿಕಾರ, ಭಾರತದ ಐಸಿಎಂಆರ್ ಸೇರಿದಂತೆ ಪ್ರಯೋಗಗಳಿಗೆ ಒಪ್ಪಿಗೆ ಕೊಡುವ ಪ್ರತಿ ಸಂಸ್ಥೆಯೂ ಒಂದು ನಿಯಮ ಮಾಡಲಿ: ಪ್ರಾಣಿಗಳ ಮೇಲಿನ ಸಂತಾನ ಸಂಬಂಧಿ ಪರೀಕ್ಷೆ ಮುಗಿದ ಲಸಿಕೆಯ ಪ್ರಯೋಗದಲ್ಲಿ, ಇಚ್ಛೆಯಿರುವ ಗರ್ಭಿಣಿಯರಿಗೆ ಸ್ಥಾನವಿರಬೇಕು, ಅವರನ್ನು ಹೊರಗಿಡುವವರು ಕಾರಣವನ್ನು ಬರೆದುಕೊಡಬೇಕು. ಲಸಿಕೆ ಹಂಚುವ ಮೊದಲ ದಿನದಿಂದಲೇ ಗರ್ಭಿಣಿಯರ ದಾಖಲೆ ಪುಸ್ತಕ ತೆರೆಯಬೇಕು. ಪ್ರಯಾಣಕ್ಕೆ, ಕೆಲಸಕ್ಕೆ ಲಸಿಕೆಯ ಷರತ್ತು ಹಾಕುವ ಸರ್ಕಾರ, ಅದೇ ಲಸಿಕೆಯನ್ನು ಗರ್ಭಿಣಿಗೆ ನಿರಾಕರಿಸುವ ಹಕ್ಕನ್ನು ಬಿಟ್ಟುಕೊಡಬೇಕು. ವೈದ್ಯರು ಸೋಂಕಿನ ಅಪಾಯವನ್ನು ತಿಳಿಸದೆ ‘ಹೆರಿಗೆಯ ನಂತರ’ ಎಂದು ಬರೆಯುವುದನ್ನು ನಿಲ್ಲಿಸಬೇಕು. ರಾಜ್ಯೋತ್ಸವ, ಯಕ್ಷಗಾನ, ಕ್ರೀಡಾಕೂಟಗಳನ್ನು ಅಷ್ಟು ಚೆನ್ನಾಗಿ ನಡೆಸುವ ದುಬೈ, ಅಬುಧಾಬಿಯ ಕನ್ನಡ ಸಂಘಗಳು ವರ್ಷಕ್ಕೊಮ್ಮೆಯಾದರೂ ಬಸುರಿಯರನ್ನು ಪ್ರಸೂತಿ ತಜ್ಞರ ಮುಂದೆ ಕೂರಿಸಿ, ಕನ್ನಡದಲ್ಲಿ, ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ ಅವರು ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡಿಸಲಿ. ಗಂಡಂದಿರು ಮೌನ ಮುರಿಯಲಿ, ಹಿರಿಯರು ಆಕೆಯ ಪರವಾಗಿ ಉತ್ತರಿಸುವುದನ್ನು ಬಿಡಲಿ. ಬಸುರಿಯಾದವಳು ‘ಹಾಕಿಸಿಕೊಂಡರೆ ಏನಾಗಬಹುದು’ ಎಂದು ಕೇಳುವಷ್ಟೇ ಗಟ್ಟಿಯಾಗಿ ‘ಹಾಕಿಸಿಕೊಳ್ಳದಿದ್ದರೆ ಏನಾಗಬಹುದು’ ಎಂದೂ ಕೇಳಲಿ. ಎರಡನೆಯ ಪ್ರಶ್ನೆಗೆ ಉತ್ತರ ಕೊಡಲಾಗದವರಿಗೆ ಆಕೆಯನ್ನು ಕಾಯಿಸುವ ಅಧಿಕಾರವಿಲ್ಲ.